ಕಡೆಗೋಲು, ಗಡಿಗೆ ಮತ್ತು ಬೆಣ್ಣೆಯ ಲೆಕ್ಕ



ಬೆಳಗಿನ ಜಾವ. ಕೋಳಿ ಆಗ ತಾನೇ ಕೂಗಿದೆ. ಮನೆಯೊಳಗೆ ಇನ್ನೂ ಕತ್ತಲು. ಅಡುಗೆ ಮನೆಯಿಂದ ಒಂದು ಸದ್ದು ಬರುತ್ತದೆ. ಸರ್ರ್ ಬರ್ರ್, ಸರ್ರ್ ಬರ್ರ್.

ಈ ಸದ್ದು ನಿಮಗೆ ನೆನಪಿದೆಯೇ? ಅವ್ವ ಮೊಸರು ಕಡೆಯುವ ಸದ್ದು. ಆ ಸದ್ದಿಗೆ ಮಕ್ಕಳು ಏಳುತ್ತಿದ್ದರು. ಕಣ್ಣುಜ್ಜಿಕೊಂಡು ಹೋಗಿ ಗಡಿಗೆಯ ಪಕ್ಕ ಕೂರುತ್ತಿದ್ದರು. ಅಂಗೈ ಚಾಚಿದರೆ ಒಂದು ಬೆಣ್ಣೆ ಉಂಡೆ ಸಿಗುತ್ತಿತ್ತು.

ಈಗ ಹಲವು ಮನೆಗಳಲ್ಲಿ ಆ ಸದ್ದಿಲ್ಲ. ಕಡೆಗೋಲು ಅಟ್ಟ ಹತ್ತಿದೆ. ಅದನ್ನು ಕೆಳಗಿಳಿಸಿ ನೋಡೋಣ. ಅದು ಹೇಗೆ ಕೆಲಸ ಮಾಡುತ್ತದೆ? ಬೆಣ್ಣೆ ಎಲ್ಲಿಂದ ಬರುತ್ತದೆ? ಬೆಣ್ಣೆಯ ದುಡ್ಡು ಯಾರ ಕೈಗೆ ಹೋಗುತ್ತಿತ್ತು? ಈಗ ಯಾರ ಕೈಗೆ ಹೋಗುತ್ತಿದೆ? ಇದನ್ನೆಲ್ಲ ಈ ಪಾಠದಲ್ಲಿ ಓದೋಣ.

ಅಟ್ಟದಿಂದ ಇಳಿದ ಕಡೆಗೋಲು

ನಾವು ಪಾಠ ಹೇಳುವುದು ಅರಸೀಕೆರೆ ತಾಲೂಕಿನ ಒಂದು ಹಳ್ಳಿಯಲ್ಲಿ. ಸಂಜೆ ಕೆಲಸ ಮುಗಿಸಿ ಹತ್ತು ಹನ್ನೆರಡು ಹೆಂಗಸರು ಒಂದು ಜಗಲಿಯ ಮೇಲೆ ಸೇರುತ್ತಾರೆ. ಒಂದು ದಿನ 'ಕ' ಅಕ್ಷರದ ಪದಗಳನ್ನು ಹಲಗೆಯ ಮೇಲೆ ಬರೆದೆವು. ಕಡಲೆ. ಕಣಜ. ಕಡೆಗೋಲು.

ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಹುಡುಗಿ ಓದಿದಳು. ಸರಿಯಾಗಿಯೇ ಓದಿದಳು. ಆಮೇಲೆ ಕೇಳಿದಳು, "ಟೀಚರಮ್ಮ, ಕಡೆಗೋಲು ಅಂದ್ರೆ ಏನು?"

ಹಿಂದೆ ಕೂತಿದ್ದ ಅಜ್ಜಿ ನಕ್ಕುಬಿಟ್ಟರು. ಎಪ್ಪತ್ತು ದಾಟಿದ ಅಜ್ಜಿ. ಅವರೂ ನಮ್ಮ ಕೇಂದ್ರದಲ್ಲಿ ಕಲಿಯುತ್ತಾರೆ. "ಅಯ್ಯೋ ನನ್ ಕೂಸೇ, ಅದನ್ನ ಓದಿ ತಿಳ್ಕೋಬೇಕಾ? ನಮ್ಮನೆ ಅಟ್ಟದ ಮ್ಯಾಲೆ ಐತೆ. ನಾಳೆ ಬಾ, ತೋರಿಸ್ತೀನಿ" ಅಂದರು.

ಮರುದಿನ ಪಾಠ ಅಜ್ಜಿಯ ಮನೆಯಲ್ಲೇ ನಡೆಯಿತು. ಅವರ ಸೊಸೆ ಏಣಿ ಹಾಕಿ ಅಟ್ಟ ಹತ್ತಿದರು. ಧೂಳು ಹಿಡಿದ ಕಡೆಗೋಲು ಇಳಿಯಿತು. ಗಡಿಗೆ ಇಳಿಯಿತು. ಹಗ್ಗ ಮಾತ್ರ ಇಲಿ ಕಡಿದು ಹೋಗಿತ್ತು. ಅಜ್ಜಿ ಸೆರಗಿನಿಂದ ಕಡೆಗೋಲನ್ನು ಒರೆಸಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಯಾವ ಯಾವ ಸಾಮಾನು?

ಮೊಸರು ಕಡೆಯಲು ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು ಕಡೆಗೋಲು. ಕಡೆಯುವ ಕೋಲು, ಅದಕ್ಕೇ ಕಡೆಗೋಲು. ಕೆಲವರು ಕಡಗೋಲು ಅನ್ನುತ್ತಾರೆ. ಮಂತು ಅಂತ ಕರೆಯುವ ಕಡೆಯೂ ಇದೆ. ಹೆಸರು ಬೇರೆ, ಕೆಲಸ ಒಂದೇ. ಇದರಲ್ಲಿ ಎರಡು ಭಾಗ. ಮೇಲೆ ಉದ್ದನೆಯ ಹಿಡಿ. ಕೆಳಗೆ ತಲೆ. ತಲೆಯನ್ನು ಹೂವಿನ ಎಸಳಿನ ಹಾಗೆ ಸೀಳಿ ಕೆತ್ತಿರುತ್ತಾರೆ. ಮೊಸರನ್ನು ಬಡಿಯುವುದು ಈ ಎಸಳುಗಳು. ಬರೀ ದುಂಡು ಕೋಲು ತಿರುಗಿಸಿದರೆ ಮೊಸರು ಕೋಲಿನ ಸುತ್ತ ಸುಮ್ಮನೆ ಸುತ್ತುತ್ತದೆ. ಎಸಳಿದ್ದರೆ ಮೊಸರು ಒಡೆಯುತ್ತದೆ, ಚಿಮ್ಮುತ್ತದೆ, ನೊರೆ ಬರುತ್ತದೆ.

ಕಡೆಗೋಲಿಗೆ ಗಟ್ಟಿ ಮರ ಬೇಕು. ನೀರಿನಲ್ಲಿ ನೆನೆದರೂ ಬಿರುಕು ಬಿಡಬಾರದು. ವಾಸನೆ, ಕಹಿ ಬಿಡಬಾರದು. ಊರಿನ ಬಡಗಿಗೆ ಇದೆಲ್ಲ ಗೊತ್ತಿತ್ತು. "ನಮ್ಮದು ಹಲಸಿನ ಮರದ್ದು. ನಮ್ಮತ್ತೆ ಕಾಲದ್ದು. ಒಂದು ಎಸಳೂ ಮುಕ್ಕಾಗಿಲ್ಲ ನೋಡಿ" ಅಂದರು ಅಜ್ಜಿ.

ಎರಡನೆಯದು ಗಡಿಗೆ. ಹೊಟ್ಟೆ ಅಗಲ, ಬಾಯಿ ಕಿರಿದು. ಯಾಕೆ ಹೀಗೆ? ಹೊಟ್ಟೆ ಅಗಲವಿದ್ದರೆ ಮೊಸರು ಹೊರಳಾಡಲು ಜಾಗ ಸಿಗುತ್ತದೆ. ಬಾಯಿ ಕಿರಿದಾಗಿದ್ದರೆ ಮೊಸರು ಹೊರಗೆ ಚೆಲ್ಲುವುದಿಲ್ಲ. ಗಡಿಗೆಯನ್ನು ತುಂಬಾ ತುಂಬಿಸಬಾರದು. ಅರ್ಧ ತುಂಬಿದರೆ ಸಾಕು. ಮಣ್ಣಿನ ಗಡಿಗೆ ತಣ್ಣಗಿರುತ್ತದೆ. ಮಣ್ಣಿನ ಸಣ್ಣ ತೂತುಗಳಿಂದ ನೀರು ಜಿನುಗಿ ಆರುತ್ತದೆ. ಆರುವಾಗ ತಂಪು ಬರುತ್ತದೆ.

ಉಳ್ಳವರ ಮನೆಯಲ್ಲಿ ಹಿತ್ತಾಳೆ, ತಾಮ್ರದ ಪಾತ್ರೆಗಳಿದ್ದವು. ಅವಕ್ಕೆ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಇದು ನೆನಪಿಡಿ: ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮೊಸರು ಮಜ್ಜಿಗೆ ಇಡಬೇಡಿ. ಹುಳಿ ತಾಗಿ ಕಿಲುಬು ಏಳುತ್ತದೆ. ಕಿಲುಬು ವಿಷ. ವಾಂತಿ, ಹೊಟ್ಟೆನೋವು ಬರುತ್ತದೆ. ಮಣ್ಣು, ಸ್ಟೀಲು ಒಳ್ಳೆಯದು.

ಮೂರನೆಯದು ಸಿಂಬೆ. ಹುಲ್ಲು ಅಥವಾ ಹಳೇ ಬಟ್ಟೆ ಸುತ್ತಿ ಮಾಡಿದ್ದು. ಗಡಿಗೆಯ ತಳ ದುಂಡಗಿರುತ್ತದೆ. ಸಿಂಬೆ ಇಲ್ಲದಿದ್ದರೆ ಅದು ಉರುಳುತ್ತದೆ.

ನಾಲ್ಕನೆಯದು ಕಂಬ. ಗಡಿಗೆಯನ್ನು ಕಂಬದ ಪಕ್ಕ ಇಡುತ್ತಾರೆ. ಕಂಬಕ್ಕೆ ಎರಡು ಕಡೆ ಹಗ್ಗದ ಕುಣಿಕೆ ಕಟ್ಟಿರುತ್ತಾರೆ, ಮೇಲೊಂದು, ಕೆಳಗೊಂದು. ಕಡೆಗೋಲಿನ ಹಿಡಿ ಈ ಕುಣಿಕೆಗಳಲ್ಲಿ ತೂರಿ ನೇರ ನಿಲ್ಲುತ್ತದೆ. ತಿರುಗುತ್ತದೆ, ಆದರೆ ಆಚೀಚೆ ವಾಲುವುದಿಲ್ಲ. ಗಡಿಗೆಗೆ ತಾಗಿ ಒಡೆಯುವ ಭಯವಿಲ್ಲ.

ಐದನೆಯದು ಕಡೆಯುವ ಹಗ್ಗ. ಇದನ್ನು ಕಡೆಗೋಲಿನ ಹಿಡಿಗೆ ಎರಡು ಮೂರು ಸುತ್ತು ಸುತ್ತುತ್ತಾರೆ. ಒಂದೊಂದು ತುದಿ ಒಂದೊಂದು ಕೈಯಲ್ಲಿ. ಬಲಗೈ ಎಳೆದರೆ ಕೋಲು ಒಂದು ಕಡೆ ತಿರುಗುತ್ತದೆ. ಎಡಗೈ ಎಳೆದರೆ ಇನ್ನೊಂದು ಕಡೆ ತಿರುಗುತ್ತದೆ. ಒಂದೇ ಕಡೆ ತಿರುಗಿದರೆ ಮೊಸರೂ ಅದರ ಜೊತೆಗೇ ಓಡುತ್ತದೆ. ಹಿಂದು ಮುಂದು ತಿರುಗಿದರೆ ಮೊಸರಿಗೆ ಪೆಟ್ಟು ಬೀಳುತ್ತದೆ.

ಬಡಗಿ ಹಗ್ಗದ ಬೈರಿಗೆಯಿಂದ ಮರಕ್ಕೆ ತೂತು ಹಾಕುವುದನ್ನು ನೋಡಿದ್ದೀರಾ? ಅದೂ ಇದೇ ಉಪಾಯ. ಯಾರು ಯಾರಿಂದ ಕಲಿತರೋ ಏನೋ! ಬೈರಿಗೆ ಹಿಡಿದವನನ್ನು ಕಸುಬುದಾರ ಅನ್ನುತ್ತೇವೆ. ಕಡೆಗೋಲು ಹಿಡಿದವಳ ಕೆಲಸಕ್ಕೆ ಮನೆಗೆಲಸ ಅಂತ ಹೆಸರು. ಅದೂ ಕಸುಬೇ ಅಲ್ಲವೇ?

ಕಡೆಗೋಲು ಬಹಳ ಹಳೆಯದು. ದೇವತೆಗಳು, ರಾಕ್ಷಸರು ಸಮುದ್ರ ಕಡೆದ ಕತೆ ನೀವು ಕೇಳಿದ್ದೀರಿ. ಅಲ್ಲಿ ಮಂದರ ಬೆಟ್ಟವೇ ಕಡೆಗೋಲು. ವಾಸುಕಿ ಹಾವೇ ಹಗ್ಗ. ಉಡುಪಿಯ ಕೃಷ್ಣನ ಕೈಯಲ್ಲೂ ಕಡೆಗೋಲು, ಹಗ್ಗ ಇವೆ. ಅದಕ್ಕೇ ಅವನನ್ನು ಕಡಗೋಲು ಕೃಷ್ಣ ಅನ್ನುತ್ತಾರೆ.

ಹಾಲಿನಿಂದ ಬೆಣ್ಣೆಯವರೆಗೆ

ಕಡೆಯುವ ಕೆಲಸ ಹಿಂದಿನ ದಿನವೇ ಶುರುವಾಗುತ್ತದೆ.

ಹಾಲು ಕರೆದ ಮೇಲೆ ಚೆನ್ನಾಗಿ ಕಾಯಿಸಬೇಕು. ಉಕ್ಕು ಬರುವ ಹಾಗೆ ಕಾಯಿಸಬೇಕು. ಹಸಿ ಹಾಲಿನಲ್ಲಿ ರೋಗದ ಕ್ರಿಮಿಗಳಿರಬಹುದು. ಕ್ಷಯದಂಥ ರೋಗ ಹಸಿ ಹಾಲಿನಿಂದಲೂ ಹರಡಬಹುದು. ಹಸುವಿಗೆ ಕಂದು ಹಾಕುವ ರೋಗ ಒಂದಿದೆ. ಅದೂ ಹಾಲಿನ ಮೂಲಕ ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಕೀಲುನೋವು ಬರುತ್ತದೆ. ಕಾಯಿಸಿದರೆ ಈ ಕ್ರಿಮಿಗಳು ಸಾಯುತ್ತವೆ.

ಕಾಯಿಸಿದ ಹಾಲು ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕಬೇಕು. ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಿಗಳಿವೆ. ಇವು ಒಳ್ಳೆಯ ಜೀವಿಗಳು. ಹಾಲಿನಲ್ಲಿರುವ ಸಿಹಿಯನ್ನು ತಿಂದು ಹುಳಿ ಮಾಡುತ್ತವೆ. ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಹಾಲು ತುಂಬಾ ಬಿಸಿ ಇದ್ದಾಗ ಹೆಪ್ಪು ಹಾಕಿದರೆ ಈ ಜೀವಿಗಳು ಸಾಯುತ್ತವೆ. ತೀರಾ ತಣ್ಣಗಿದ್ದರೆ ಕೆಲಸ ಮಾಡುವುದಿಲ್ಲ.

ಕಡಿಮೆ ಹಾಲಿರುವ ಮನೆಯಲ್ಲಿ ಎರಡು ಮೂರು ದಿನದ ಮೊಸರು, ಕೆನೆ ಕೂಡಿಸಿ ಕಡೆಯುತ್ತಾರೆ. ಮೊಸರನ್ನು ಗಡಿಗೆಗೆ ಸುರಿದು ಸ್ವಲ್ಪ ನೀರು ಹಾಕುತ್ತಾರೆ. ಮೊದಲು ನಿಧಾನ, ಆಮೇಲೆ ಜೋರು. ಮೊದಲು ಸದ್ದು ದಪ್ಪಗಿರುತ್ತದೆ. ಆಮೇಲೆ ನೊರೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಗುತ್ತದೆ, ನೀರಿನ ಸದ್ದು ಬರುತ್ತದೆ. ಕಡೆಗೋಲಿಗೆ ಹಳದಿ, ಬಿಳಿ ಕಾಳು ಅಂಟಿರುತ್ತದೆ. ಆಗ ಬೆಣ್ಣೆ ಬಂತು ಅಂತ ತಿಳಿಯಬೇಕು. ಇಷ್ಟಾಗಲು ಸುಮಾರು ಅರ್ಧ ಗಂಟೆ.

"ಕಣ್ಣು ಮುಚ್ಕೊಂಡಿದ್ರೂ ಸದ್ದಿನಾಗೇ ಗೊತ್ತಾಗ್ತಿತ್ತು" ಅಂದರು ಅಜ್ಜಿ.

ಈಗ ತಣ್ಣೀರು ಹಾಕಿ ಮೆಲ್ಲಗೆ ಕಡೆಯಬೇಕು. ಕಾಳು ಕಾಳು ಬೆಣ್ಣೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಒದ್ದೆ ಕೈಯಲ್ಲಿ ಮುದ್ದೆ ತೆಗೆದು ಎರಡು ಮೂರು ಸಲ ತಣ್ಣೀರಿನಲ್ಲಿ ತೊಳೆಯಬೇಕು. ಬೆಣ್ಣೆಯೊಳಗೆ ಮಜ್ಜಿಗೆ ಉಳಿದರೆ ಬೇಗ ಕಮಟು ವಾಸನೆ ಬರುತ್ತದೆ.

ಮೊಸರಿನಲ್ಲಿ ಬೆಣ್ಣೆ ಎಲ್ಲಿ ಅಡಗಿತ್ತು?

ಬೆಣ್ಣೆ ಹೊಸದಾಗಿ ಹುಟ್ಟುವುದಿಲ್ಲ. ಅದು ಹಾಲಿನಲ್ಲೇ ಇತ್ತು.

ಹಾಲಿನಲ್ಲಿ ಜಿಡ್ಡು ಇದೆ. ಅದು ಬಹಳ ಸಣ್ಣ ಸಣ್ಣ ಗುಂಡುಗಳಾಗಿ ತೇಲುತ್ತಿರುತ್ತದೆ. ಎಷ್ಟು ಸಣ್ಣದು ಅಂದರೆ ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಗುಂಡಿಗೂ ತೆಳುವಾದ ಪೊರೆ ಇರುತ್ತದೆ. ಪೊರೆ ಇರುವುದರಿಂದ ಒಂದು ಗುಂಡು ಇನ್ನೊಂದಕ್ಕೆ ಅಂಟುವುದಿಲ್ಲ. ಕಡೆಗೋಲಿನ ಪೆಟ್ಟಿಗೆ ಪೊರೆ ಹರಿಯುತ್ತದೆ. ಒಳಗಿನ ಜಿಡ್ಡು ಹೊರಗೆ ಬರುತ್ತದೆ. ಜಿಡ್ಡಿಗೆ ಜಿಡ್ಡು ಅಂಟುತ್ತದೆ. ಸಣ್ಣ ಗುಂಡು ಕಾಳಾಗುತ್ತದೆ. ಕಾಳು ಮುದ್ದೆಯಾಗುತ್ತದೆ. ಜಿಡ್ಡು ನೀರಿಗಿಂತ ಹಗುರ. ಅದಕ್ಕೇ ಮೇಲೆ ತೇಲುತ್ತದೆ.

ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು, ಹಸುವಿನ ಹಾಲಿನಲ್ಲಿ ಕಡಿಮೆ. 100 ಗ್ರಾಂ ಎಮ್ಮೆ ಹಾಲಿನಲ್ಲಿ ಸುಮಾರು 6ರಿಂದ 8 ಗ್ರಾಂ ಜಿಡ್ಡಿರುತ್ತದೆ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 3ರಿಂದ 5 ಗ್ರಾಂ. ಅದಕ್ಕೇ ಎಮ್ಮೆ ಮೊಸರಿನಲ್ಲಿ ಬೆಣ್ಣೆ ಹೆಚ್ಚು. ಬೆಣ್ಣೆಯೆಲ್ಲ ಜಿಡ್ಡಲ್ಲ, ಅದರಲ್ಲಿ ನೀರೂ ಇದೆ. ಕಾಯಿಸಿದಾಗ ನೀರು ಆರಿಹೋಗಿ ತುಪ್ಪ ಉಳಿಯುತ್ತದೆ. ಒಂದು ಕೆಜಿ ಬೆಣ್ಣೆ ಕಾಯಿಸಿದರೆ ಮುಕ್ಕಾಲು ಕೆಜಿ ಆಸುಪಾಸು ತುಪ್ಪ ಸಿಗುತ್ತದೆ.

ಬೆಣ್ಣೆ ತೆಗೆದ ಮಜ್ಜಿಗೆ ಬರೀ ನೀರಲ್ಲ. ಜಿಡ್ಡು ಹೋದರೂ ಮೈ ಬೆಳೆಸುವ ಸತ್ವ ಅದರಲ್ಲೇ ಉಳಿಯುತ್ತದೆ. ಮೂಳೆಗೆ ಬೇಕಾದ ಸುಣ್ಣದ ಅಂಶವೂ ಉಳಿಯುತ್ತದೆ. ಗಂಡಸರಿಗೆ, ಮಕ್ಕಳಿಗೆ ಬಡಿಸಿ ಕೊನೆಗೆ ಗಡಿಗೆ ತೊಳೆದ ನೀರು ಕುಡಿಯುವ ತಾಯಂದಿರಿದ್ದಾರೆ. ನಿಮ್ಮ ಲೋಟ ಮೊದಲೇ ಎತ್ತಿಡಿ.

ಬೆಣ್ಣೆ ಬರಲಿಲ್ಲ ಅಂದರೆ ದೃಷ್ಟಿಯೇ?

ಒಂದೊಂದು ದಿನ ಎಷ್ಟು ಕಡೆದರೂ ಬೆಣ್ಣೆ ಬರುವುದಿಲ್ಲ. ಆಗ ಏನನ್ನುತ್ತಾರೆ? "ದೃಷ್ಟಿ ಆಯ್ತು." "ಮುಟ್ಟಾದವಳು ಹತ್ರ ಬಂದ್ಳು." "ಹೊಸ ಸೊಸೆ ಕಾಲ್ಗುಣ."

ಅಜ್ಜಿ ಹೇಳಿದರು, "ನಾನು ಬಂದ ವರ್ಷ ಬ್ಯಾಸಗೇಲಿ ಮೂರು ದಿನ ಬೆಣ್ಣೆ ಬರ್ಲಿಲ್ಲ. ನನ್ ಕಾಲ್ಗುಣ ಅಂತ ನಮ್ಮತ್ತೆ ಅಂದ್ರು. ಅಡುಗೆ ಮನೆ ಮೂಲೇಲಿ ಕೂತು ಅತ್ತೆ ನಾನು. ನಾಕನೇ ದಿನ ಕೊಡದ ತಣ್ಣೀರು ಹಾಕಿ ಕಡ್ದೆ. ಬಂತಲ್ಲ ಬೆಣ್ಣೆ!"

ತಪ್ಪು ಅಜ್ಜಿಯ ಕಾಲಿನದಲ್ಲ, ಬಿಸಿಲಿನದು. ಮೊಸರು ಬೆಚ್ಚಗಿದ್ದರೆ ಜಿಡ್ಡು ಕರಗಿದಂತಾಗುತ್ತದೆ. ಕಾಳು ಕಟ್ಟುವುದಿಲ್ಲ. ಬೆಣ್ಣೆಯ ಎಷ್ಟೋ ಭಾಗ ಮಜ್ಜಿಗೆಯಲ್ಲೇ ಹೋಗುತ್ತದೆ. ಚಳಿಗಾಲದಲ್ಲಿ ಇನ್ನೊಂದು ತೊಂದರೆ. ಜಿಡ್ಡು ತೀರಾ ಗಟ್ಟಿಯಾಗಿ ಒಂದಕ್ಕೊಂದು ಅಂಟುವುದಿಲ್ಲ. ಕೈ ಸೋಲುತ್ತದೆ.

ಇದಕ್ಕೆ ಉಪಾಯ ಸುಲಭ. ಬೇಸಿಗೆಯಲ್ಲಿ ಬೆಳಗಿನ ಜಾವ, ತಂಪು ಹೊತ್ತಿನಲ್ಲಿ ಕಡೆಯಿರಿ. ಮಡಕೆಯ ತಣ್ಣೀರು ಹಾಕಿ. ಚಳಿಗಾಲದಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ. ಬಿಸಿ ನೀರು ಬೇಡ.

ಮುಟ್ಟಿಗೂ ಮೊಸರಿಗೂ ಏನೂ ಸಂಬಂಧವಿಲ್ಲ. ಮೊಸರು ಕೆಡುವುದು ತೊಳೆಯದ ಗಡಿಗೆಯಿಂದ, ಕೊಳೆ ಕೈಯಿಂದ, ಧೂಳಿನಿಂದ. ಹಾಗಾಗಿ ಯಾರೇ ಕಡೆಯಲಿ, ಮೊದಲು ಸೋಪು ಹಾಕಿ ಕೈ ತೊಳೆಯಲಿ. ಕಡೆಗೋಲಿನ ಎಸಳುಗಳ ಸಂದಿಯಲ್ಲಿ ಜಿಡ್ಡು ಕೂರುತ್ತದೆ. ಕುದಿಯುವ ನೀರು ಹಾಕಿ ಉಜ್ಜಿ ತೊಳೆದು ಬಿಸಿಲಿಗೆ ಇಡಬೇಕು. ಗಡಿಗೆಯನ್ನೂ ಹಾಗೆಯೇ ತೊಳೆದು ಬೋರಲು ಹಾಕಿ ಒಣಗಿಸಬೇಕು.

ಬೆಣ್ಣೆಯ ದುಡ್ಡು

ನಾವು ಕಡೆಗೋಲನ್ನು ಹೊಗಳುತ್ತಲೇ ಇದ್ದೆವು. ಅಜ್ಜಿ ತಡೆದರು. "ಬಾಳ ಹೊಗಳಬ್ಯಾಡಿ ಟೀಚರಮ್ಮ. ನನ್ ರಟ್ಟೆ ಕೇಳಿ, ಅದು ಹೇಳ್ತದೆ. ಬಾಣಂತಿಯಾಗಿ ಎರಡು ತಿಂಗಳಿಗೇ ಕಡಿಯಕ್ಕೆ ಕೂತಿದ್ದೆ. ಬೆನ್ನು ಆವತ್ತು ಹಿಡ್ಕೊಂಡಿದ್ದು ಇನ್ನೂ ಬಿಟ್ಟಿಲ್ಲ."

"ಮತ್ತೆ ಯಾಕೆ ಇಷ್ಟು ಜೋಪಾನ ಮಾಡಿಟ್ಟಿದ್ದೀರಿ ಅಜ್ಜಿ?" ಅಂತ ಕೇಳಿದೆವು.

"ದುಡ್ಡು ಕೊಟ್ಟಿತ್ತಲ್ಲ, ಅದಕ್ಕೆ" ಅಂದರು.

ಅಜ್ಜಿಯ ಮನೆಯಲ್ಲಿ ಆಗ ಎರಡು ಎಮ್ಮೆಗಳಿದ್ದವು. ರಾಗಿ ಮಾರಿದ ದುಡ್ಡು, ಕೊಬ್ಬರಿ ಮಾರಿದ ದುಡ್ಡು ಗಂಡಸರ ಕೈಗೆ. ಬೆಣ್ಣೆ ದುಡ್ಡು ಮಾತ್ರ ಅಜ್ಜಿಯ ಕೈಗೆ. ಆ ದುಡ್ಡಿನಿಂದಲೇ ಉಪ್ಪು, ಸೀಮೆಎಣ್ಣೆ, ಬಳೆ, ಮಕ್ಕಳ ಸ್ಲೇಟು. ಯಾರನ್ನೂ ಕೇಳಬೇಕಾಗಿರಲಿಲ್ಲ. ಸಾಸಿವೆ ಡಬ್ಬಿಯೇ ಅವರ ಬ್ಯಾಂಕು.

ವಾರಕ್ಕೊಮ್ಮೆ ಸಂತೆ. ಅಜ್ಜಿ ಬೆಣ್ಣೆಯನ್ನು ನೀರಿನ ಪಾತ್ರೆಯಲ್ಲಿಟ್ಟು ತಲೆ ಮೇಲೆ ಹೊತ್ತು ಹೋಗುತ್ತಿದ್ದರು. ಒಬ್ಬ ವ್ಯಾಪಾರಿ ಪ್ರತಿ ವಾರ ಕೊಳ್ಳುತ್ತಿದ್ದ. ತಕ್ಕಡಿಯ ಒಂದು ತಟ್ಟೆಗೆ ಬೆಣ್ಣೆ, ಇನ್ನೊಂದಕ್ಕೆ ಕಬ್ಬಿಣದ ಬಟ್ಟು. "ಅರ್ಧ ಕೆಜಿ, ಮೇಲೊಂದು ನೂರು" ಅನ್ನುತ್ತಿದ್ದ. ದುಡ್ಡು ಎಣಿಸುತ್ತಿದ್ದ. ಮನೆಯಲ್ಲಿ ಅಜ್ಜಿ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ವಾರಕ್ಕೆ ಒಂದು ಗೀಟು. ಅದೇ ಅವರ ಲೆಕ್ಕದ ಪುಸ್ತಕ.

ಒಂದು ವಾರ ಮಗಳು ಜೊತೆಗೆ ಬಂದಳು. ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದಳು. ಬಟ್ಟಿನ ಮೇಲೆ ಅಂಕಿ ಮೂಡಿತ್ತು. ಮಗು ಸುಮ್ಮನೆ ಓದಿತು. "ಐದು ನೂರು. ಎರಡು ನೂರು. ಅವ್ವಾ, ಕೂಡಿದ್ರೆ ಏಳು ನೂರು."

ವ್ಯಾಪಾರಿ ಕೈ ತಡೆದ. "ನೂರು ಅಂದಿದ್ನಾ? ಇನ್ನೂರು ಅಂದಿದ್ದು" ಅಂದ. ಆ ವಾರ 700 ಗ್ರಾಮಿಗೆ ದುಡ್ಡು ಕೊಟ್ಟ.

ಅಜ್ಜಿ ಮನೆಗೆ ಬಂದು ಗೋಡೆ ನೋಡಿದರು. ತುಂಬಾ ಗೀಟುಗಳಿದ್ದವು. ಅವುಗಳಲ್ಲಿ ಎಷ್ಟು ಗೀಟು ಮೋಸದವು? ಹೇಳುವವರು ಯಾರು?

ನಾವು ಹಲಗೆಯ ಮೇಲೆ ಲೆಕ್ಕ ಬರೆದೆವು. ವಾರಕ್ಕೆ 100 ಗ್ರಾಂ ಹೋದರೆ 10 ವಾರಕ್ಕೆ 1,000 ಗ್ರಾಂ, ಅಂದರೆ 1 ಕೆಜಿ. ವರ್ಷಕ್ಕೆ 52 ವಾರ. 52 ವಾರಕ್ಕೆ 5,200 ಗ್ರಾಂ, ಅಂದರೆ 5 ಕೆಜಿ 200 ಗ್ರಾಂ.

"ಐದು ಕೆಜಿ ಬೆಣ್ಣೆ!" ಅಂದಳು ಹೊಸ ಮದುಮಗಳು.

ಅಜ್ಜಿ ಹಲಗೆಯನ್ನೇ ನೋಡುತ್ತಿದ್ದರು. "ಬೆಣ್ಣೆ ತೆಗ್ಯಾದು ಬರ್ತಿತ್ತು. ಬಟ್ಟು ಓದಾದು ಬರ್ತಿರ್ಲಿಲ್ಲ. ಅದಕ್ಕೇ ನಾನು ಈ ವಯಸ್ನಾಗೆ ಬಂದು ಕೂತಿರಾದು" ಅಂದರು.

ಡೈರಿ ಬಂತು

ಕಡೆಗೋಲು ಅಟ್ಟ ಹತ್ತಿದ್ದು ಯಾವಾಗ? ಡೈರಿ ಬಂದ ಮೇಲೆ.

1970ರಲ್ಲಿ ದೇಶದಲ್ಲಿ ಹಾಲಿನ ಒಂದು ದೊಡ್ಡ ಯೋಜನೆ ಶುರುವಾಯಿತು. ಅದನ್ನು ಕ್ಷೀರಕ್ರಾಂತಿ ಅನ್ನುತ್ತಾರೆ. ಹಳ್ಳಿಯವರೇ ಸೇರಿ ಸಂಘ ಮಾಡಿಕೊಂಡು ಹಾಲು ಮಾರುವ ಯೋಜನೆ ಅದು. ನಮ್ಮ ರಾಜ್ಯದಲ್ಲಿ 1974ರಲ್ಲಿ ಇದಕ್ಕಾಗಿ ಒಂದು ನಿಗಮ ಆಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಆಯಿತು. ನಂದಿನಿ ಹಾಲು ಇದರದೇ.

ಡೈರಿಯಿಂದ ಒಳ್ಳೆಯದಾಯಿತು. ಎರಡು ಹೊತ್ತೂ ಹಾಲು ಕೊಳ್ಳುವವರು ಸಿಕ್ಕರು. ಸಂತೆಗೆ ನಡೆಯುವುದು ತಪ್ಪಿತು. ರಟ್ಟೆ ನೋವು ತಪ್ಪಿತು. ಬಟವಾಡೆ ದುಡ್ಡು ಕೈಗೆ ಬಂತು.

ಆದರೆ ಕೆಲವು ಮಾತುಗಳನ್ನು ನಾವು ಕೂತು ಯೋಚಿಸಬೇಕು.

ಒಂದು, ಹಾಲೆಲ್ಲ ಡೈರಿಗೆ ಹೋದರೆ ಮನೆಯ ಮಕ್ಕಳಿಗೇನು? ಹಾಲು ಕರೆಯುವ ಮನೆಯ ಮಗು ಬರೀ ಟೀ ಕುಡಿದು ಶಾಲೆಗೆ ಬರುತ್ತದೆ. ನಾವು ಶಾಲೆಯಲ್ಲಿ ಕಣ್ಣಾರೆ ನೋಡುತ್ತೇವೆ. ಮಕ್ಕಳಿಗೆ, ಬಸುರಿಗೆ, ಬಾಣಂತಿಗೆ ಬೇಕಾದ ಹಾಲು ಎತ್ತಿಟ್ಟು ಉಳಿದದ್ದನ್ನು ಡೈರಿಗೆ ಹಾಕಿ.

ಎರಡು, ಹಿಂದೆ ಮಜ್ಜಿಗೆಯನ್ನು ಮಾರುತ್ತಿರಲಿಲ್ಲ. ಬೆಣ್ಣೆ ಮಾರುತ್ತಿದ್ದರು, ಮಜ್ಜಿಗೆ ಹಾಗೇ ಕೊಡುತ್ತಿದ್ದರು. ಹಸು ಎಮ್ಮೆ ಇಲ್ಲದ ಕೂಲಿಯವರು ಚೊಂಬು ಹಿಡಿದು ಬರುತ್ತಿದ್ದರು. ಅವರ ಮುದ್ದೆಗೆ, ಗಂಜಿಗೆ ಅದೇ ಆಗುತ್ತಿತ್ತು. ಆದರೆ ಎಲ್ಲರಿಗೂ ಒಂದೇ ರೀತಿ ಸಿಗುತ್ತಿರಲಿಲ್ಲ. ಕೆಲವರು ಹೊಸಿಲಾಚೆ ನಿಂತು ಎತ್ತರದಿಂದ ಸುರಿಸಿಕೊಳ್ಳಬೇಕಿತ್ತು. ಆ ಅವಮಾನ ಹೋಗಬೇಕಾದ್ದೇ. ಆದರೆ ಆ ಮಜ್ಜಿಗೆಯೂ ಹೋಯಿತು. ಈಗ ಅವರು ಅಂಗಡಿಯಲ್ಲಿ ಪ್ಯಾಕೆಟ್ಟು ಕೊಳ್ಳಬೇಕು.

ಮೂರು, ದುಡ್ಡು ಯಾರ ಹೆಸರಿಗೆ ಬರುತ್ತದೆ? ಇದು ದೊಡ್ಡ ಮಾತು.

ಚೀಟಿಯಲ್ಲಿ ಏನಿದೆ?

ಅಜ್ಜಿಯ ಸೊಸೆ ಎರಡು ಸೀಮೆಹಸು ಸಾಕಿದ್ದಾರೆ. ಹುಲ್ಲು ಕೊಯ್ಯುವುದು ಅವರು. ಸಗಣಿ ಬಾಚುವುದು ಅವರು. ಹಾಲು ಕರೆಯುವುದು ಅವರು. ಕ್ಯಾನು ಹೊತ್ತು ಡೈರಿಗೆ ಹೋಗುವುದೂ ಅವರೇ.

ಅವರು ಸೆರಗಿನ ಗಂಟಿನಿಂದ ಡೈರಿ ಚೀಟಿ ತೆಗೆದರು. "ದಿನಾ ತರ್ತೀನಿ ಟೀಚರಮ್ಮ. ಏನು ಬರ್ದವ್ರೆ ಅಂತ ಗೊತ್ತಿಲ್ಲ" ಅಂದರು.

ಎಲ್ಲರೂ ಸೇರಿ ಓದಿದೆವು. ಮೊದಲು ತಾರೀಖು. ಬೆಳಿಗ್ಗೆಯೋ ಸಂಜೆಯೋ ಅಂತ ಗುರುತು. ಆಮೇಲೆ ಎಷ್ಟು ಲೀಟರು. ಆಮೇಲೆ 'ಫ್ಯಾಟ್ 4.0' ಅಂತಿತ್ತು. ಫ್ಯಾಟ್ ಅಂದರೆ ಜಿಡ್ಡು. 4.0 ಅಂದರೆ 100 ಗ್ರಾಂ ಹಾಲಿನಲ್ಲಿ 4 ಗ್ರಾಂ ಜಿಡ್ಡು. 10 ಕೆಜಿ ಹಾಲಿದ್ದರೆ ಅದರಲ್ಲಿ 400 ಗ್ರಾಂ ಜಿಡ್ಡು. ಅದರ ಪಕ್ಕ 'ಎಸ್.ಎನ್.ಎಫ್.' ಅಂತಿತ್ತು. ಅಂದರೆ ಜಿಡ್ಡನ್ನೂ ನೀರನ್ನೂ ಬಿಟ್ಟು ಉಳಿದ ಸತ್ವ. ಕೊನೆಗೆ ದರ, ಒಟ್ಟು ರೂಪಾಯಿ. ಜಿಡ್ಡು, ಸತ್ವ ನೋಡಿ ದರ ಕಟ್ಟುತ್ತಾರೆ.

ಅಜ್ಜಿ ಕೇಳಿದರು, "ಹಂಗಾದ್ರೆ ಈ ನಾಕು ಅನ್ನಾದು ನಮ್ ಬೆಣ್ಣೇನೇನಾ?"

ಹೌದು ಅಜ್ಜಿ, ಅದೇ ಬೆಣ್ಣೆ. ಹಿಂದೆ ಅದು ಕಡೆಗೋಲಿಗೆ ಅಂಟಿ ಕಣ್ಣಿಗೆ ಕಾಣುತ್ತಿತ್ತು. ಈಗ ಚೀಟಿಯಲ್ಲಿ ಅಂಕಿಯಾಗಿ ಬರುತ್ತದೆ. ಓದಿದವರಿಗೆ ಮಾತ್ರ ಕಾಣುತ್ತದೆ.

ಫ್ಯಾಟ್ ಏಕಾಏಕಿ ಕಡಿಮೆ ಬಂದರೆ ಸುಮ್ಮನಿರಬೇಡಿ. ಹಸುವಿಗೆ ಒಣ ಹುಲ್ಲು ಕಡಿಮೆಯಾಯಿತೇ ನೋಡಿ. ಕೊನೆಯ ಹಾಲನ್ನು ಪೂರ್ತಿ ಕರೆಯಿರಿ. ಮೊದಲ ಹಾಲಿಗಿಂತ ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚು. ಅಳತೆಗೆ ಕೊಡುವ ಮುಂಚೆ ಹಾಲನ್ನು ಕಲಕಿದರೇ ಅಂತ ಗಮನಿಸಿ. ಕೆನೆ ಮೇಲೆ ನಿಂತಿದ್ದರೆ ಅಳತೆ ತಪ್ಪುತ್ತದೆ. ಅನುಮಾನ ಬಂದರೆ "ಇನ್ನೊಂದ್ಸಲ ನೋಡಿ" ಅಂತ ಕೇಳಿ. ಕೇಳುವುದು ತಪ್ಪಲ್ಲ.

ಸೊಸೆ ಚೀಟಿಯ ಮೇಲ್ಭಾಗಕ್ಕೆ ಬೆರಳಿಟ್ಟರು. "ಇಲ್ಲಿ ಏನೋ ಹೆಸರೈತೆ" ಅಂದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಸುಮ್ಮನಾದರು. ಅದು ಅವರ ಗಂಡನ ಹೆಸರು. ಸಂಘದ ಸದಸ್ಯ ಗಂಡ. ಬ್ಯಾಂಕಿನ ಪಾಸ್ ಬುಕ್ಕೂ ಗಂಡನದೇ.

ಗಂಡ ಅಲ್ಲೇ ಹಟ್ಟಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ಅವರು ಕೆಟ್ಟವರಲ್ಲ. ಕುಡಿಯುವವರೂ ಅಲ್ಲ. ನಕ್ಕು ಹೇಳಿದರು, "ಯಾರ ಹೆಸರ್ನಾಗಿದ್ರೆ ಏನ್ ಟೀಚರಮ್ಮ? ಎಲ್ಲಾ ಒಂದೇ ಅಲ್ವಾ?"

ಅಜ್ಜಿ ತಟ್ಟನೆ ಅಂದರು, "ಎಲ್ಲಾ ಒಂದೇ ಆದ್ರೆ ಅವಳ ಹೆಸರ್ನಾಗೇ ಇರ್ಲಿ ಬಿಡು."

ಎಲ್ಲರೂ ನಕ್ಕರು. ಮಗ ಹಗ್ಗ ಹೊಸೆಯುವುದನ್ನು ನಿಲ್ಲಿಸಿದರು. ಉತ್ತರ ಕೊಡಲಿಲ್ಲ.

ಹಾಲಿನ ಸಂಘದಲ್ಲಿ ಹೆಂಗಸರೂ ಸದಸ್ಯರಾಗಬಹುದು. ಸಭೆಗೆ ಹೋಗಬಹುದು, ಓಟು ಹಾಕಬಹುದು, ಚುನಾವಣೆಗೆ ನಿಲ್ಲಬಹುದು. ಹೆಂಗಸರೇ ನಡೆಸುವ ಮಹಿಳಾ ಹಾಲು ಸಂಘಗಳು ನಮ್ಮ ರಾಜ್ಯದಲ್ಲಿ ಎಷ್ಟೋ ಇವೆ. ಬ್ಯಾಂಕಿನಲ್ಲಿ ನಿಮ್ಮ ಹೆಸರಿಗೇ ಖಾತೆ ತೆರೆಯಬಹುದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುವ ಗಾದೆ ಇದೆಯಲ್ಲ? ದುಡಿಮೆ ನಮ್ಮದಾಗಿ ಹತ್ತು ರೂಪಾಯಿಗೆ ಇನ್ನೊಬ್ಬರ ಕೈ ನೋಡಿದರೆ ಅದೂ ಹಾಗೆಯೇ.

ಒಂದು ತಿಂಗಳಾದ ಮೇಲೆ ಸೊಸೆ ಕೇಂದ್ರಕ್ಕೆ ಒಂದು ಕಾಗದ ತಂದರು. ಸಂಘದ ಸದಸ್ಯತ್ವದ ಅರ್ಜಿ. ಗಂಡನೇ ತಂದುಕೊಟ್ಟಿದ್ದರು. ಹೆಸರಿನ ಜಾಗದಲ್ಲಿ ಅವರೇ ತಮ್ಮ ಹೆಸರು ಬರೆದರು. ಒಂದು ಅಕ್ಷರಕ್ಕೆ ಕೊಂಬು ಬಿಟ್ಟುಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೇ ತೋರಿಸಿ ತಿದ್ದಿಸಿದರು.

ಈಗ ಅವರ ಮನೆಯಲ್ಲಿ ಕಡೆಗೋಲು ಅಟ್ಟಕ್ಕೆ ಹೋಗಿಲ್ಲ. ಹೊಸ ಹಗ್ಗ ಬಂದಿದೆ. ದಿನಾ ಒಂದು ಲೀಟರು ಹಾಲು ಮನೆಗೆ ಎತ್ತಿಡುತ್ತಾರೆ. ಮಕ್ಕಳು ಕುಡಿದು ಉಳಿದದ್ದಕ್ಕೆ ಹೆಪ್ಪು. ವಾರಕ್ಕೊಂದು ದಿನ ಕಡೆಯುತ್ತಾರೆ. ಹಗ್ಗದ ಒಂದು ತುದಿ ಸೊಸೆಯ ಕೈಯಲ್ಲಿ, ಇನ್ನೊಂದು ತುದಿ ಮೊಮ್ಮಗನ ಕೈಯಲ್ಲಿ. ಗಂಡು ಮಕ್ಕಳೂ ಕಡೆಯಬಹುದಲ್ಲ?

ಓದಿದ್ದನ್ನು ನೆನೆಯೋಣ

1. ಕಡೆಗೋಲಿನ ತಲೆಗೆ ಎಸಳು ಯಾಕೆ ಬೇಕು?
2. ಬೇಸಿಗೆಯಲ್ಲಿ ಬೆಣ್ಣೆ ಬರದಿದ್ದರೆ ಏನು ಮಾಡಬೇಕು?
3. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಯಾಕೆ ಇಡಬಾರದು?
4. ವಾರಕ್ಕೆ 50 ಗ್ರಾಂ ಬೆಣ್ಣೆ ತೂಕದಲ್ಲಿ ಹೋದರೆ 20 ವಾರಕ್ಕೆ ಎಷ್ಟು ಹೋಗುತ್ತದೆ?

ಕೂತು ಮಾತಾಡೋಣ

ನಿಮ್ಮ ಊರಿನಲ್ಲಿ ಕಡೆಗೋಲಿಗೆ ಏನನ್ನುತ್ತಾರೆ? ಆ ಪದವನ್ನು ಬರೆಯಿರಿ.

ನಿಮ್ಮ ಮನೆಯ ಡೈರಿ ಚೀಟಿಯನ್ನು ನಾಳೆ ತನ್ನಿ. ಎಲ್ಲರೂ ಸೇರಿ ಓದೋಣ. ಮೇಲೆ ಯಾರ ಹೆಸರಿದೆ ಅಂತ ನೋಡೋಣ.